ಕೇಸ್ ಶೀಟ್ ಕಳೆದ ಮೇಲೆ
(ರಾಯಚೂರಿನಲ್ಲಿ ಸ್ತನ ಕ್ಯಾನ್ಸರ್ ಅರಿವಿನ ಮಾಸದ ಅಂಗವಾಗಿ ರೇಡಿಯಾಲಜಿ ವೈದ್ಯೆಯೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)

ವೇದಿಕೆ ಮೇಲಿರುವ ಹಿರಿಯರಿಗೆ, ಮುಂದಿನ ಸಾಲಿನ ಆಶಾ ಅಕ್ಕಂದಿರಿಗೆ, ಹಿಂದಿನ ಸಾಲಿನಲ್ಲಿ ಕೂತು ಮೊಬೈಲ್ ನೋಡ್ತಿರೋ ರಿಮ್ಸ್ ವೈದ್ಯಕೀಯ ಕಾಲೇಜಿನ ಹುಡುಗ-ಹುಡುಗಿಯರಿಗೆ ನಮಸ್ಕಾರ.

ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯ 'ಮಹಿಳೆ ಮತ್ತು ಆರೋಗ್ಯ' ಅಂತ ಅಚ್ಚಾಗಿದೆ. ನಾನು ಕಳಿಸಿದ್ದು ಬೇರೆ. ಸ್ತನದ ಆಕಾರಕ್ಕೆಂದು ಎದೆಯೊಳಗೆ ಕೂರಿಸಿದ ಹಳೇ ಸಿಲಿಕೋನ್ ಚೀಲ, ಅಂದರೆ ಇಂಪ್ಲಾಂಟ್, ಯಾವುದು ಅಂತ, ಕಾಗದಪತ್ರ ಏನೂ ಇಲ್ಲದಾಗ ಪತ್ತೆ ಹಚ್ಚೋದು ಹೇಗೆ ಅನ್ನೋದು. ಸಂಘಟಕರಿಗೆ ಮುಜುಗರ ಆಯ್ತೋ ಏನೋ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕಾಗದಗಳು ಕಳೆಯೋದು ಇದೇ ಮುಜುಗರದಿಂದ ಅಂತ ಮಾತ್ರ ಹೇಳಿಬಿಡ್ತೀನಿ. ಮಂಡಿಚಿಪ್ಪು ಬದಲಿಸಿಕೊಂಡವರು ಎಕ್ಸ್-ರೇ ತಂದು ಬೀಗರಿಗೂ ತೋರಿಸ್ತಾರೆ. ಎದೆ ಆಪರೇಷನ್ನಿನ ಚೀಟಿಯನ್ನು ಸೊಸೆಗೂ ಕಾಣದ ಹಾಗೆ ಎಲ್ಲೋ ತುರುಕಿ ಇಡ್ತಾರೆ. ಇಪ್ಪತ್ತು ವರ್ಷ ಆದ ಮೇಲೆ ಇಟ್ಟವರಿಗೇ ನೆನಪಿರೋದಿಲ್ಲ.

'ಆಸ್ಪತ್ರೆಯಲ್ಲಿ ಇರ್ತದಲ್ರಿ ಫೈಲು' ಅಂತೀರಿ. ಇರೋದಿಲ್ಲ. 2002ರ ವೈದ್ಯಕೀಯ ಮಂಡಳಿ ನಿಯಮದ ಪ್ರಕಾರ, ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಕಾಯ್ದಿಟ್ಟರೆ ವೈದ್ಯರ ಹೊಣೆ ಮುಗೀತು. ಅಷ್ಟರೊಳಗೆ ನೀವು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತಲೂ ಅದೇ ನಿಯಮ ಹೇಳ್ತದೆ. ಹಾಗೆ ಫೈಲು ಕೇಳಿ ಪಡೆದವರು ಎಷ್ಟು ಮಂದಿ ಇದ್ದೀರಿ, ಕೈ ಎತ್ತಿ ನೋಡೋಣ. ...ಹಾಂ, ಗೊತ್ತಿತ್ತು. ಇಂಪ್ಲಾಂಟ್ ಇರೋದು ಹತ್ತು, ಇಪ್ಪತ್ತು, ಮೂವತ್ತು ವರ್ಷ. ಫೈಲಿನ ಆಯುಷ್ಯ ಮೂರು ವರ್ಷ. ಅದಕ್ಕೇ ಆಸ್ಪತ್ರೆಯ ಫೈಲನ್ನು ನಿಮ್ಮದು ಅಂದುಕೊಳ್ಳಬೇಡಿ. ನಿಮ್ಮ ಕೈಲಿರೋ ಹಾಳೆ ಮಾತ್ರ ನಿಮ್ಮದು.

ಒಬ್ಬ ತಾಯಿಯ ಕಥೆ ಹೇಳ್ತೀನಿ. ನಮ್ಮ ವಿಭಾಗದಲ್ಲಿ ಇದನ್ನು ಕೇಳಿ ಕೇಳಿ ಎಲ್ಲರಿಗೂ ಸಾಕಾಗಿದೆ, ನೀವು ಹೊಸಬರು. ಹೊಳೆ ದಂಡೆ ಊರಿನ ಹೆಣ್ಣುಮಗಳು, ವಯಸ್ಸು ಅರವತ್ತರ ಮೇಲೆ. ಬೆನ್ನುನೋವಿಗೆ ಎಂಆರ್‌ಐ ಬರೆದುಕೊಟ್ಟಿದ್ದರು. ಒಳಗೆ ಕಳಿಸೋ ಮುಂಚೆ ನಮ್ಮ ಟೆಕ್ನಿಷಿಯನ್ ಹುಡುಗ ಪದ್ಧತಿಯಂತೆ, 'ಅವ್ವಾ, ಮೈಯಾಗ ಲೋಹದ್ದು ಏನರ ಅದೇನು?' ಅಂತ ಕೇಳಿದ. ಆಕೆ ಅತ್ತ ಇತ್ತ ನೋಡಿ, ದನಿ ತಗ್ಗಿಸಿ, 'ಎದಿಯೊಳಗ ಒಂದು ಚೀಲ ಅದಪಾ' ಅಂದಳು. ಹುಡುಗ ಮಷಿನ್ ಬಿಟ್ಟು ಓಡಿ ಬಂದ.

ಅವನು ಹೆದರಿದ್ದರಲ್ಲಿ ತಪ್ಪಿಲ್ಲ. ಚರ್ಮ ಹಿಗ್ಗಿಸಲು ಇಡುವ ಟಿಶ್ಯೂ ಎಕ್ಸ್‌ಪಾಂಡರ್ ಅನ್ನೋ ತಾತ್ಕಾಲಿಕ ಚೀಲಗಳಿವೆ. ಅವುಗಳಲ್ಲಿ ಹಲವಕ್ಕೆ ಸೂಜಿ ಚುಚ್ಚುವ ಜಾಗದಲ್ಲಿ ಆಯಸ್ಕಾಂತ ಇರುತ್ತದೆ. ಅದನ್ನು ಇಟ್ಟುಕೊಂಡು ಎಂಆರ್‌ಐ ಒಳಗೆ ಹೋದರೆ ಅಪಾಯ. ಮಾಮೂಲಿ ಸಿಲಿಕೋನ್ ಇಂಪ್ಲಾಂಟ್ ಆದರೆ ಏನೂ ತೊಂದರೆ ಇಲ್ಲ. ಯಾವುದು ಅಂತ ಯಾರು ಹೇಳಬೇಕು?

'ಅವ್ವಾ, ಎಲ್ಲಿ ಮಾಡಿಸಿದಿ?' ಹೈದರಾಬಾದ್. 'ಆ ಆಸ್ಪತ್ರೆಗೆ ಫೋನ್ ಮಾಡೋಣೇನು?' 'ಎಲ್ಲಿ ಆಸ್ಪತ್ರಿ ಯವ್ವಾ, ಅಲ್ಲೀಗ ಬಟ್ಟಿ ಅಂಗಡಿ ಆಗ್ಯದ.' 'ನಿನ್ನ ಹತ್ರ ಚೀಟಿ?' ಅಲ್ಲಿ ಯಜಮಾನರು ತಲೆ ಕೆಳಗೆ ಹಾಕಿದರು. 2009ರ ನೆರೆ ನಿಮಗೆ ಹೇಳಬೇಕಾಗಿಲ್ಲ. ಇಲ್ಲಿ ಕೂತ ಅರ್ಧ ಜನ ಅದನ್ನು ಕಂಡವರೇ. ಹೊಳೆ ಊರೊಳಗೆ ನುಗ್ಗಿದ ರಾತ್ರಿ ಯಜಮಾನರು ಪಹಣಿ, ಖರೀದಿ ಪತ್ರ, ಸೊಸೈಟಿ ಸಾಲದ ಪುಸ್ತಕ ಇದ್ದ ಟ್ರಂಕನ್ನು ಹೊತ್ತು ಮಾಳಿಗೆ ಹತ್ತಿದ್ದಾರೆ. ಹೆಂಡತಿಯ ಆಸ್ಪತ್ರೆ ಕವರ್ ಮಂಚದ ಕೆಳಗೇ ಉಳೀತು. 'ಬೀಜದ ರಶೀದಿ ಸೈತ ಉಳದಾವ್ ನೋಡ್ರಿ ಮೇಡಂ' ಅಂತ ಆಕೆಯೇ ನಕ್ಕಳು. ಯಜಮಾನರು ನಗಲಿಲ್ಲ.

ಸರಿ, ಯಾವ ವರ್ಷ? 'ದೇವೇಗೌಡ್ರು ಪ್ರಧಾನಿ ಆದ್ರಲ್ಲ, ಆ ಮಳಿಗಾಲ.' ಅಂದರೆ 1996! ಇದಕ್ಕಿಂತ ಒಳ್ಳೆ ದಾಖಲೆ ಬೇಕಾ? ವಿದ್ಯಾರ್ಥಿಗಳು ಬರಕೊಳ್ಳಿ. ತಾರೀಖು ಕೇಳಿದರೆ ನಮ್ಮ ಜನ ತಬ್ಬಿಬ್ಬಾಗ್ತಾರೆ. ಯಾರ ಮದುವೆ, ಯಾವ ಎಲೆಕ್ಷನ್, ಯಾವ ಬರ ಅಂತ ಕೇಳಿ, ವರ್ಷ ತಾನಾಗೇ ಬರ್ತದೆ. ಆಮೇಲೆ ಗಾಯದ ಗುರುತು ನೋಡಿದೆವು. ಎದೆಯ ಮೇಲೆ ಒಂದು, ಬೆನ್ನ ಮೇಲೆ ಓರೆಯಾಗಿ ಇನ್ನೊಂದು. ಕ್ಯಾನ್ಸರಿಗೆ ಸ್ತನ ತೆಗೆದು, ಬೆನ್ನಿನ ಸ್ನಾಯುವನ್ನು ಮುಂದಕ್ಕೆ ತಿರುಗಿಸಿ, ಅದರಡಿ ಇಂಪ್ಲಾಂಟ್ ಕೂರಿಸಿದ್ದಾರೆ ಅಂತ ಆ ಗಾಯವೇ ಹೇಳಿತು. ಕಂಕುಳ ಕೆಳಗೆ, ಸೂಜಿ ಚುಚ್ಚುವ ಜಾಗದ ಅಂಗಿಗುಂಡಿಯಂಥದ್ದು ಕೈಗೆ ಸಿಗ್ತದೇನು ಅಂತ ಮುಟ್ಟಿ ನೋಡಿದ್ದಾಯ್ತು, ಇರಲಿಲ್ಲ. ಒಂದು ಎದೆ ಎಕ್ಸ್-ರೇ ತೆಗೆದೆವು. ಲೋಹ ಇಲ್ಲ. ಬೆನ್ನಿನ ಎಂಆರ್‌ಐ ಆಯಿತು. ಎಕ್ಸ್-ರೇಗೆ ಖರ್ಚಾದದ್ದು ಒಂದು ಊಟದ ದುಡ್ಡು.

ಈಗ ನನ್ನ ವಾದಕ್ಕೆ ಬರ್ತೀನಿ. ಕಂಪನಿ ಹೆಸರು ಸ್ಕ್ಯಾನಿನಲ್ಲಿ ಬರೆದಿರೋದಿಲ್ಲ, ಅದು ಸಾಮಾನ್ಯವಾಗಿ ಸಿಗೋದೂ ಇಲ್ಲ. ಆದರೆ ಜಾತಿ ಸಿಗ್ತದೆ. ನಮ್ಮ ಕಡೆ ಹೆಸರು ಕೇಳೋ ಮೊದಲೇ ಜಾತಿ ಕೇಳ್ತಾರೆ, ಅದು ಸರಿಯಾಗೋದು ಈ ಒಂದು ವಿಷಯದಲ್ಲಿ ಮಾತ್ರ! ಒಳಗಿರೋದು ಸಲೈನೋ, ಅಂದರೆ ಉಪ್ಪುನೀರೋ, ಇಲ್ಲಾ ಸಿಲಿಕೋನ್ ಜೆಲ್ಲೋ? ಮ್ಯಾಮೊಗ್ರಾಂನಲ್ಲಿ ಸಿಲಿಕೋನ್ ದಟ್ಟ ಬಿಳುಪಾಗಿ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಸಲೈನ್ ಅದಕ್ಕಿಂತ ತೆಳು, ತುಂಬಿಸುವ ವಾಲ್ವ್ ಕೂಡ ಕಾಣುತ್ತದೆ. ಒಂದೇ ಕೋಣೆಯೋ ಎರಡೋ? ಒಳಗೆ ಜೆಲ್, ಹೊರಗೆ ಸಲೈನ್ ಇರುವ ಜೋಡಿ ಕೋಣೆಯವೂ ಬಂದಿದ್ದವು. ಎಂಆರ್‌ಐನಲ್ಲಿ ಸಿಲಿಕೋನನ್ನಷ್ಟೇ ಬೆಳಗಿಸಿ, ನೀರು-ಕೊಬ್ಬನ್ನು ಅಡಗಿಸುವ ವಿಧಾನ ಇದೆ, ಅದರಲ್ಲಿ ಇದು ಸ್ಪಷ್ಟ.

ವರ್ಷ ಗೊತ್ತಾದರೆ ಇನ್ನೂ ಅರ್ಧ ಕೆಲಸ ಆದಂತೆ. 1962ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಮೊದಲ ಸಿಲಿಕೋನ್ ಇಂಪ್ಲಾಂಟ್ ಕೂರಿಸಿದರು. ಆ ಕಾಲದವು ದಪ್ಪ ಗೋಡೆಯವು, ಜಾರದಿರಲಿ ಅಂತ ಹಿಂಬದಿಗೆ ಡೆಕ್ರಾನ್ ಬಟ್ಟೆಯ ತೇಪೆ. ಎಪ್ಪತ್ತರ ದಶಕದಲ್ಲಿ ಗೋಡೆ ತೆಳುವಾಯ್ತು, ಜೆಲ್ ನೀರಾಯ್ತು, ಒಸರೋದು ಒಡೆಯೋದು ಹೆಚ್ಚಾಯ್ತು. ಎಂಬತ್ತರ ದಶಕದಲ್ಲಿ ಒಸರು ತಡೆಯುವ ಪದರ ಸೇರಿಸಿದರು. ಪಾಲಿಯುರೆಥೇನ್ ನೊರೆ ಹೊದಿಸಿದವು ಅಮೆರಿಕದಲ್ಲಿ 1991ಕ್ಕೆ ನಿಂತವು. 1992ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಜೆಲ್ ಇಂಪ್ಲಾಂಟ್‌ಗಳಿಗೆ ಕಡಿವಾಣ ಹಾಕಿತು. ಕ್ಯಾನ್ಸರ್ ನಂತರದ ಮರುನಿರ್ಮಾಣಕ್ಕೆ, ಅಧ್ಯಯನಕ್ಕೆ ಮಾತ್ರ ಬಿಟ್ಟಿತು, ಮತ್ತೆ ಒಪ್ಪಿಗೆ ಸಿಕ್ಕಿದ್ದು 2006ರಲ್ಲಿ. ಇಂಗ್ಲೆಂಡಿನಲ್ಲಿ ಸೋಯಾ ಎಣ್ಣೆ ತುಂಬಿದ್ದೂ ಬಂದಿತ್ತು ಕಣ್ರೀ! 1999ರಲ್ಲಿ ಹಿಂತೆಗೆದರು. ಫ್ರಾನ್ಸಿನ ಪಿಐಪಿ ಕಂಪನಿ ಕೈಗಾರಿಕೆಯ ಸಿಲಿಕೋನ್ ತುಂಬಿ ಮಾರಿ 2010ರಲ್ಲಿ ಸಿಕ್ಕಿಬಿತ್ತು, ಮಾಲೀಕನಿಗೆ ಜೈಲಾಯಿತು.

ಎದೆಯ ಸ್ಕ್ಯಾನಿನಲ್ಲಿ ನೋಡಿದರೆ ನಮ್ಮ ತಾಯಿಯದು ಜೆಲ್, ಒಂದೇ ಕೋಣೆ. ಮತ್ತೆ, ಒಡೆದಿತ್ತು. ಆಕೆಗೆ ಒಂದಿಷ್ಟೂ ನೋವಿಲ್ಲ. ಹೀಗೆ ಗೊತ್ತಾಗದೇ ಒಡೆಯೋದೇ ಜಾಸ್ತಿ. ಒಡೆದ ಚೀಲದ ಗೋಡೆ ಜೆಲ್ ಒಳಗೆ ಶ್ಯಾವಿಗೆ ಎಳೆ ಮಡಚಿಬಿದ್ದ ಹಾಗೆ ಕಾಣ್ತದೆ. ಜೆಲ್ ಸುತ್ತಲಿನ ಪೊರೆ ದಾಟಿ ಹೊರಬಿದ್ದರೆ ಅಲ್ಟ್ರಾಸೌಂಡ್‌ನಲ್ಲಿ ಕಾಣೋದನ್ನು ಪುಸ್ತಕದಲ್ಲಿ ಹಿಮಪಾತ ಅಂತಾರೆ. ಮೇ ತಿಂಗಳ ರಾಯಚೂರಿನಲ್ಲಿ ಬೆವರು ಒರೆಸುತ್ತಾ 'ಹಿಮಪಾತ ಕಂಡುಬಂದಿದೆ' ಅಂತ ರಿಪೋರ್ಟ್ ಬರೆಯೋ ಭಾಗ್ಯ ನಮ್ಮದು. ಕಂಕುಳ ದುಗ್ಧಗ್ರಂಥಿಗೆ ಸಿಲಿಕೋನ್ ಹೋಗಿ ಕೂತು ಗಂಟಾದರೆ ಕ್ಯಾನ್ಸರ್ ಮರುಕಳಿಸಿತು ಅಂತ ಮನೆಯವರೆಲ್ಲ ಅಳ್ತಾರೆ. ಒಳಗೆ ಸಿಲಿಕೋನ್ ಇದೆ ಅಂತ ಡಾಕ್ಟರಿಗೆ ಗೊತ್ತಿದ್ದರೆ ಆ ಅಳು ಎಷ್ಟೋ ಕಡಿಮೆ ಆದೀತು.

ಸರ್ಜನ್ ತೆಗೆದರು. ತೆಗೆದ ಚೀಲದ ಹಿಂಬದಿಯಲ್ಲಿ ಉಬ್ಬಚ್ಚು ಇರ್ತದೆ: ಕಂಪನಿ ಗುರುತು, ಅಳತೆ, ಸೀರಿಯಲ್ ನಂಬರ್. ಈಕೆಯದರಲ್ಲಿ ಅಳತೆ ಓದಲು ಬಂತು, ಉಳಿದದ್ದು ಸವೆದಿತ್ತು. ನೋಡಿ, ಕೊನೆವರೆಗೂ ಹೆಸರು ಸಿಗಲೇ ಇಲ್ಲ. ಯಾವ ನಿರ್ಧಾರ ಹೆಸರಿಗೋಸ್ಕರ ನಿಂತಿತು ಹೇಳಿ? ಒಂದೂ ನಿಲ್ಲಲಿಲ್ಲ.

ಹೆಸರು ನಿಜಕ್ಕೂ ಬೇಕಾಗೋ ಸಂದರ್ಭವೂ ಇದೆ, ಸುಳ್ಳು ಹೇಳಬಾರದು. ತರಿತರಿ ಮೈಯ ಇಂಪ್ಲಾಂಟ್‌ಗಳ ಸುತ್ತ ಅಪರೂಪಕ್ಕೆ ಒಂದು ಬಗೆಯ ಲಿಂಫೋಮಾ, ಅಂದರೆ ಬಿಳಿ ರಕ್ತಕಣದ ಕ್ಯಾನ್ಸರ್, ಬರುತ್ತದೆ. ಇದು ಸ್ತನದ ಕ್ಯಾನ್ಸರ್ ಅಲ್ಲ, ಚೀಲದ ಸುತ್ತಲಿನ ಪೊರೆಯದು. ಇದೇ ಕಾರಣಕ್ಕೆ 2019ರಲ್ಲಿ ಅಲರ್ಗನ್ ಕಂಪನಿಯ ಬಯೋಸೆಲ್ ಅನ್ನೋ ತರಿ ಮೈಯ ಮಾದರಿಯನ್ನು ಜಗತ್ತಿನಾದ್ಯಂತ ಹಿಂತೆಗೆದರು. ಮೈ ತರಿಯೋ ನುಣುಪೋ ಅಂತ ಸ್ಕ್ಯಾನ್ ನೋಡಿ ಖಚಿತವಾಗಿ ಹೇಳೋದು ಕಷ್ಟ. ಅದಕ್ಕೇ ಆಪರೇಷನ್ ಆಗಿ ವರ್ಷಗಳಾದ ಮೇಲೆ ಒಂದು ಕಡೆ ಊದಿಕೊಂಡರೆ, ಯಾವ ಕಂಪನಿ ಅಂತ ಹುಡುಕ್ತಾ ಕೂರಬೇಡಿ. ಅಲ್ಲಿ ತುಂಬಿದ ನೀರು ತೆಗೆಸಿ, ಪ್ಯಾಥಾಲಜಿಗೆ ಕಳಿಸಿ, ಈ ಲಿಂಫೋಮಾದ ಗುರುತು ಹುಡುಕುವ ಸಿಡಿ30 ಪರೀಕ್ಷೆ ಮಾಡಿ ಅಂತ ಬರೆದುಕೊಡಿ.

ಸಂಘಟಕರ ಚೀಟಿ ಬಂತು. ಇನ್ನು ಐದು ನಿಮಿಷವಂತೆ. ಊಟದ ವಾಸನೆ ನನಗೂ ಬರ್ತಿದೆ.

ಹಳೇ ಕಾಗದ ಹುಡುಕೋ ಜಾಗಗಳನ್ನು ಬೇಗ ಹೇಳ್ತೀನಿ. ಆಸ್ಪತ್ರೆ ಮುಚ್ಚಿದ್ದರೂ ಸರ್ಜನ್ ಬೇರೆ ಕಡೆ ಇರಬಹುದು. ಕಿಮೊ ಕೊಟ್ಟ ಆಸ್ಪತ್ರೆಯ ಫೈಲಿನಲ್ಲಿ ಉಲ್ಲೇಖ ಇರಬಹುದು. ಮೊದಲು ಕಳಿಸಿದ ಊರ ಡಾಕ್ಟರಿಗೆ ಬಂದ ಪತ್ರ, ಇನ್ಶೂರೆನ್ಸ್ ಕ್ಲೇಮ್, ಆಫೀಸಿನ ಮೆಡಿಕಲ್ ಬಿಲ್, ಹಳೇ ಮ್ಯಾಮೊಗ್ರಾಂ ರಿಪೋರ್ಟ್. ಎಲ್ಲಾ ಹೆಸರಿನಲ್ಲೂ ಹುಡುಕಿಸಿ. ತವರಿನ ಹೆಸರು, ಗಂಡನ ಮನೆ ಹೆಸರು, ಕಾರಕೂನ ತಪ್ಪಾಗಿ ಬರೆದ ಹೆಸರು. ನಮ್ಮಲ್ಲಿಗೆ ಬರುವ ಲಿಂಗತ್ವ ಅಲ್ಪಸಂಖ್ಯಾತ ಅಕ್ಕಂದಿರ ಫೈಲು ಎಷ್ಟೋ ಸಲ ಬಿಟ್ಟುಬಂದ ಹಳೇ ಹೆಸರಿನಲ್ಲೇ ಇರುತ್ತದೆ. ಅದನ್ನು ಕೇಳುವಾಗ ನರ್ಸಿಂಗ್ ಮಕ್ಕಳೇ, ಕೌಂಟರಿನಲ್ಲಿ ಕೂಗಿ ಕೇಳಬೇಡಿ, ಒಳಗೆ ಕರೆದು ಕೇಳಿ.

ಇನ್ನು ಮುಂದೆ ಹಾಕಿಸಿಕೊಳ್ಳುವವರು ಡಬ್ಬಿಯ ಮೇಲಿನ ಸ್ಟಿಕ್ಕರ್ ಕೇಳಿ ಪಡೆಯಿರಿ, ಒಂದು ನಿಮಗೆ, ಒಂದು ಫೈಲಿಗೆ. ಫೋಟೊ ತೆಗೆದು ಮಗಳಿಗೂ ಕಳಿಸಿ. ಆರೋಗ್ಯ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಲು ಸರ್ಕಾರ ಕೊಡೋ 14 ಅಂಕಿಯ ಆಭಾ ನಂಬರ್ ಇದೆಯಲ್ಲ ಅಂತೀರಿ, ಒಳ್ಳೇದೇ, ಆದರೆ 1996ರ ಚೀಟಿಯನ್ನು ಅದು ಹುಟ್ಟಿಸಿ ಕೊಡೋದಿಲ್ಲ. ತೆಗೆಸಿದವರು ತೆಗೆದ ಚೀಲವನ್ನು ಬಿಸಾಡುವ ಮುಂಚೆ ಹಿಂಬದಿಯ ಫೋಟೊ ತೆಗೆಸಿ. ಮ್ಯಾಮೊಗ್ರಾಂಗೆ ಹೋದಾಗ ಒಳಗೆ ಇಂಪ್ಲಾಂಟ್ ಇದೆ ಅಂತ ಮೊದಲೇ ಹೇಳಿ, ಅದನ್ನು ಹಿಂದಕ್ಕೆ ಸರಿಸಿ ಚಿತ್ರ ತೆಗೆಯುವ ಕ್ರಮ ಇದೆ. ಇನ್ನೂ ಎರಡು ವಿಷಯ ಇದ್ದವು, ಅಧ್ಯಕ್ಷರು ಗಡಿಯಾರ ನೋಡ್ತಿದ್ದಾರೆ.

ಹೆಸರಿಲ್ಲದ ಒಂದು ಪ್ರಶ್ನೆ ಬಂದಿದೆ: 'ನನ್ನದು ಯಾವುದು ಅಂತ ಗೊತ್ತಿಲ್ಲ, ತೆಗೆಸಿಬಿಡಲೇ?' ಬೇಡ. ಗೊತ್ತಿಲ್ಲ ಅನ್ನೋದೊಂದೇ ಕಾರಣಕ್ಕೆ ಕತ್ತರಿ ಹಾಕಿಸಬೇಡಿ. 2019ರಲ್ಲಿ ಬಯೋಸೆಲ್ ಹಿಂತೆಗೆದಾಗಲೂ, ತೊಂದರೆ ಇಲ್ಲದವರು ತೆಗೆಸುವುದು ಬೇಡ ಅಂತಲೇ ಎಫ್‌ಡಿಎ ಹೇಳಿತು. ಊತ, ನೋವು, ಆಕಾರದಲ್ಲಿ ಬದಲಾವಣೆ ಇದ್ದರೆ ಈ ವಾರವೇ ಬನ್ನಿ. ಇಲ್ಲದಿದ್ದರೆ ನಿಮಗೆ ಅನುಕೂಲವಾದಾಗ ಒಂದು ಅಲ್ಟ್ರಾಸೌಂಡ್ ಮಾಡಿಸಿ. ಬರುವಾಗ ಮನೆಯಲ್ಲಿರೋ ಹಳೇ ಕಾಗದ ಎಲ್ಲಾ ತನ್ನಿ, ಬೀಜದ ರಶೀದಿ ಬಿಟ್ಟು.