ಐನ್‌ಸ್ಟೈನ್ ಮತ್ತು ಒಂದು ಸಹಿಯ ಹೊಣೆ

ಶ್ರೋತೃಗಳೆ, ನಮಸ್ಕಾರ.

ಅಣುಬಾಂಬಿನ ಮಾತು ಬಂದಾಗಲೆಲ್ಲ ಆಲ್ಬರ್ಟ್ ಐನ್‌ಸ್ಟೈನ್ ಅವರ ಹೆಸರೂ ಬರುತ್ತದೆ. ಬಹುಮಟ್ಟಿಗೆ ತಪ್ಪು ಕಾರಣಕ್ಕೆ ಬರುತ್ತದೆ. 1905ರಲ್ಲಿ ಅವರು ದ್ರವ್ಯರಾಶಿಗೂ ಶಕ್ತಿಗೂ ಇರುವ ಸಂಬಂಧವನ್ನು ತೋರಿಸಿಕೊಟ್ಟದ್ದೇ ಬಾಂಬಿನ ಮೂಲವೆಂದು ಅನೇಕರು ತಿಳಿದಿದ್ದಾರೆ. ಆದರೆ ಆ ಸಮೀಕರಣವನ್ನು ಎಷ್ಟು ಓದಿದರೂ ಬಾಂಬನ್ನು ಮಾಡುವ ದಾರಿ ಹೊಳೆಯುವುದಿಲ್ಲ. ಆ ದಾರಿ ತೆರೆದುಕೊಂಡದ್ದು 1938ರ ಡಿಸೆಂಬರಿನಲ್ಲಿ, ಬರ್ಲಿನ್ನಿನಲ್ಲಿ ಆಟೊ ಹಾನ್ ಮತ್ತು ಫ್ರಿಟ್ಜ್ ಸ್ಟ್ರಾಸ್‌ಮನ್ ಅವರು ಯುರೇನಿಯಂ ಮೇಲೆ ನ್ಯೂಟ್ರಾನುಗಳನ್ನು ಹಾಯಿಸಿ, ಅದಕ್ಕಿಂತ ತೀರ ಹಗುರವಾದ ಬೇರಿಯಂ ಧಾತುವನ್ನು ಕಂಡಾಗ, ಪರಮಾಣುವಿನ ಬೀಜವೇ ಒಡೆದಿದೆಯೆಂದು ಲೀಸ್ ಮೈಟ್ನರ್ ಮತ್ತು ಆಟೊ ಫ್ರಿಶ್ ಅದಕ್ಕೆ ಅರ್ಥ ಹೇಳಿದಾಗ. ಇದರಲ್ಲಿ ಐನ್‌ಸ್ಟೈನ್ ಅವರ ಪಾಲಿಲ್ಲ.

ಅವರ ಹೊಣೆಯನ್ನು ಹುಡುಕಬೇಕಾದದ್ದು 1939ರ ಬೇಸಿಗೆಯಲ್ಲಿ, ಅಮೆರಿಕದ ಲಾಂಗ್ ಐಲೆಂಡ್‌ನಲ್ಲಿ ಅವರು ತಂಗಿದ್ದ ಮನೆಯಲ್ಲಿ. ಹಿಟ್ಲರನ ಕಾಟಕ್ಕೆ ಯುರೋಪನ್ನು ಬಿಟ್ಟು ಬಂದಿದ್ದ ಭೌತವಿಜ್ಞಾನಿ ಲಿಯೊ ಸಿಲಾರ್ಡ್ ಅಲ್ಲಿಗೆ ಹೋಗಿ, ಒಂದು ಬೀಜ ಒಡೆದಾಗ ಹೊಮ್ಮುವ ನ್ಯೂಟ್ರಾನುಗಳು ಮತ್ತಷ್ಟು ಬೀಜಗಳನ್ನು ಒಡೆಯುತ್ತ ಹೋಗುವ ಸರಣಿ ಕ್ರಿಯೆಯ ಸಾಧ್ಯತೆಯನ್ನು ವಿವರಿಸಿದಾಗ, ತಮಗೆ ಇದು ಹೊಳೆದೇ ಇರಲಿಲ್ಲವೆಂದರಂತೆ ಐನ್‌ಸ್ಟೈನ್. ಬೆಲ್ಜಿಯಂ ರಾಣಿಯ ಪರಿಚಯ ಅವರಿಗಿದ್ದುದರಿಂದ, ಬೆಲ್ಜಿಯಂನ ಆಳ್ವಿಕೆಯಲ್ಲಿದ್ದ ಕಾಂಗೊದ ಯುರೇನಿಯಂ ಜರ್ಮನಿಯ ಕೈಸೇರದಂತೆ ಅವರಿಂದ ಒಂದು ಮಾತು ಬರೆಸುವುದಷ್ಟೇ ಸಿಲಾರ್ಡರ ಮೊದಲ ಉದ್ದೇಶವಾಗಿತ್ತು. ಅದು ಬೆಳೆದು, ಆಗಸ್ಟ್ 2ರ ದಿನಾಂಕ ಹೊತ್ತು, ಅಧ್ಯಕ್ಷ ರೂಸ್ವೆಲ್ಟ್ ಅವರಿಗೆ ಬರೆದ ಪತ್ರವಾಯಿತು. ಹಡಗಿನಲ್ಲಿ ಸಾಗಿಸಿದ ಇಂಥ ಒಂದೇ ಬಾಂಬು ಇಡೀ ಬಂದರನ್ನು ನಾಶಮಾಡಬಲ್ಲದು, ವಿಮಾನಕ್ಕೆ ಮಾತ್ರ ಅದು ಭಾರವಾದೀತು ಎಂದು ಅದರಲ್ಲಿತ್ತು. ಶಾಂತಿವಾದಿಯೆಂದು ಹೆಸರಾಗಿದ್ದ ವ್ಯಕ್ತಿ ಅದಕ್ಕೆ ಸಹಿ ಮಾಡಿದರು.

ಆ ಪತ್ರದಿಂದ ತಕ್ಷಣ ಆದದ್ದು ಒಂದು ಸಮಿತಿ ಮತ್ತು 6000 ಡಾಲರುಗಳ ಮೊದಲ ಅನುದಾನ. ಕೆಲಸಕ್ಕೆ ನಿಜವಾದ ವೇಗ ಬಂದದ್ದು 1941ರಲ್ಲಿ, ಬಾಂಬು ಸಾಧ್ಯವೆಂಬ ಬ್ರಿಟಿಷ್ ವಿಜ್ಞಾನಿಗಳ ವರದಿ ಬಂದ ಮೇಲೆ. ಐನ್‌ಸ್ಟೈನ್ ಅವರನ್ನಂತೂ ನಂಬಿಕೆಗೆ ಅರ್ಹರಲ್ಲವೆಂದು ಸೇನೆಯವರು ಬಾಂಬಿನ ಯೋಜನೆಯ ಹೊರಗೇ ಇಟ್ಟರು. ಹೀಗಿದ್ದರೂ, ಪತ್ರದ ಪರಿಣಾಮ ಸಣ್ಣದೆಂದು ಸಹಿಯ ಹೊಣೆಯನ್ನೂ ಸಣ್ಣದು ಮಾಡುವುದು ನನಗೆ ಸರಿಕಾಣುವುದಿಲ್ಲ. ಆ ಹೆಸರು ಅಧ್ಯಕ್ಷರ ಬಾಗಿಲನ್ನು ತೆರೆಸುತ್ತದೆಂದು ತಿಳಿದೇ ಸಿಲಾರ್ಡ್ ಅದನ್ನು ಕೇಳಿದ್ದರು, ತಿಳಿದೇ ಐನ್‌ಸ್ಟೈನ್ ಕೊಟ್ಟಿದ್ದರು. ಮಿಕ್ಕವರ ಕೈಗೆ ಹೋದ ಮೇಲೆ ಅದನ್ನು ಹಿಂದಕ್ಕೆ ಪಡೆಯುವ ಶಕ್ತಿ ಅವರಿಗಿರಲಿಲ್ಲ. 1945ರ ಮಾರ್ಚಿನಲ್ಲಿ, ಬಾಂಬಿನ ಬಳಕೆಯ ಬಗ್ಗೆ ಕಳವಳಗೊಂಡಿದ್ದ ಅದೇ ಸಿಲಾರ್ಡರಿಗಾಗಿ ಅವರು ರೂಸ್ವೆಲ್ಟ್ ಅವರಿಗೆ ಮತ್ತೊಂದು ಪರಿಚಯಪತ್ರ ಬರೆದರು. ಒಳಗುಟ್ಟು ಏನೆಂದು ಐನ್‌ಸ್ಟೈನ್ ಅವರಿಗೂ ಸಿಲಾರ್ಡ್ ಹೇಳುವಂತಿರಲಿಲ್ಲ. ಭೇಟಿ ನಡೆಯುವ ಮೊದಲೇ, ಏಪ್ರಿಲ್ 12ರಂದು, ರೂಸ್ವೆಲ್ಟ್ ತೀರಿಕೊಂಡರು.

ತಾವು ಮಾಡಿದ ದೊಡ್ಡ ತಪ್ಪು ಆ ಮೊದಲ ಪತ್ರವೆಂದು 1954ರಲ್ಲಿ ಐನ್‌ಸ್ಟೈನ್ ರಸಾಯನವಿಜ್ಞಾನಿ ಲೈನಸ್ ಪಾಲಿಂಗ್ ಅವರೊಡನೆ ಹೇಳಿಕೊಂಡರು. ಜರ್ಮನರು ಮೊದಲು ಬಾಂಬ್ ಮಾಡಿಯಾರೆಂಬ ಭಯವಿತ್ತೆಂಬ ಸಮಾಧಾನವನ್ನೂ ಸೇರಿಸಿದರು. 1939ರ ಮಟ್ಟಿಗೆ ಆ ಸಮಾಧಾನವನ್ನು ನಾನು ಒಪ್ಪುತ್ತೇನೆ. ಆದರೆ 1944ರ ಕೊನೆಗೆ, ಜರ್ಮನಿ ಆ ಪ್ರಯತ್ನವನ್ನು ಕೈಬಿಟ್ಟಿದೆಯೆಂದು ತಿಳಿದಾಗ, ಅದೇ ಭಯದಿಂದ, ಬಾಂಬು ತಯಾರಾಗುತ್ತಿದ್ದ ಲಾಸ್ ಅಲಮೋಸ್ ಪ್ರಯೋಗಾಲಯವನ್ನು ಸೇರಿದ್ದ ಭೌತವಿಜ್ಞಾನಿ ಜೋಸೆಫ್ ರಾಟ್‌ಬ್ಲಾಟ್ ಕೆಲಸವನ್ನು ಬಿಟ್ಟು ಹೊರಟರು. ಭಯದ ಕಾರಣ ಹೋದ ಮೇಲೂ ಒಳಗೇ ಉಳಿದ ಮಿಕ್ಕ ವಿಜ್ಞಾನಿಗಳು ಉತ್ತರಿಸಬೇಕಾದ ಪ್ರಶ್ನೆ ಐನ್‌ಸ್ಟೈನ್ ಎದುರಿಸಬೇಕಾದದ್ದಕ್ಕಿಂತ ಕಠಿಣವಾದದ್ದು. ಹಾಗೆಂದು ಐನ್‌ಸ್ಟೈನ್ ತಮ್ಮ ಪಾಲನ್ನು ಆ ವಿಜ್ಞಾನಿಗಳ ಮೇಲೆ ಹೊರಿಸಲಿಲ್ಲ. ಸಾವಿಗೆ ಒಂದು ವಾರ ಮೊದಲು, 1955ರ ಏಪ್ರಿಲ್ 11ರಂದು, ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ ಸಿದ್ಧಪಡಿಸಿದ್ದ ಯುದ್ಧವಿರೋಧಿ ಹೇಳಿಕೆಗೆ ಅವರು ಸಹಿ ಹಾಕಿ ಕಳುಹಿಸಿದರು. ರಾಟ್‌ಬ್ಲಾಟ್ ಅವರ ಸಹಿಯೂ ಅದರಲ್ಲಿದೆ.