ಪುಸ್ತಕಕ್ಕೆ ಬಾಯಿಲ್ವಾ ಮಾಷ್ಟ್ರೇ?

ಕೇಳುಗರಿಗೆ ನಮಸ್ಕಾರ.

ಈ ಹೊತ್ತಿನಲ್ಲಿ ರೇಡಿಯೋ ಹಾಕಿಕೊಂಡು ಕೂತವರು ಯಾರು ಅಂತ ನನಗೆ ಸುಮಾರಾಗಿ ಗೊತ್ತು. ಅಂಗಳದಲ್ಲೋ ಜಗಲಿಯಲ್ಲೋ ಅಡಿಕೆ ಸುಲಿಯುತ್ತಾ ಇದ್ದೀರಿ. ಇಲ್ಲಾ ರಾತ್ರಿ ಅಡುಗೆಗೆ ತರಕಾರಿ ಹೆಚ್ಚುತ್ತಾ ಇದ್ದೀರಿ. ಕೈಗೆ ಕೆಲಸ ಇದೆ, ಕಿವಿ ಬಿಡುವಾಗಿದೆ. ಒಳ್ಳೇದೇ ಆಯ್ತು. ಇವತ್ತಿನ ನನ್ನ ಮಾತೆಲ್ಲ ಕಿವಿಯ ಬಗ್ಗೆಯೇ.

ನನಗೆ ಕೊಟ್ಟ ವಿಷಯ ಇದು: ಯಾರೂ ಇಲ್ಲದ ಒಂದು ದ್ವೀಪಕ್ಕೆ ನಿಮ್ಮನ್ನು ಬಿಟ್ಟುಬರುತ್ತಾರೆ, ಒಂದೇ ಒಂದು ಪುಸ್ತಕ ತಗೊಂಡು ಹೋಗಬಹುದು, ಯಾವುದು? ಈ ಆಟವನ್ನು ಜನಪ್ರಿಯ ಮಾಡಿದ್ದೂ ರೇಡಿಯೋನೇ. ಬಿಬಿಸಿಯವರು 1942ರಲ್ಲಿ ಶುರು ಮಾಡಿದ ಒಂದು ಕಾರ್ಯಕ್ರಮ ಇವತ್ತಿಗೂ ನಡೆಯುತ್ತಿದೆ. ಬಂದ ಅತಿಥಿ ಎಂಟು ಹಾಡು, ಒಂದು ಪುಸ್ತಕ, ಒಂದು ಇಷ್ಟದ ವಸ್ತು ಆರಿಸಬೇಕು. ಬೈಬಲ್ಲು, ಷೇಕ್ಸ್‌ಪಿಯರ್ ಇವೆರಡನ್ನೂ ಮೊದಲೇ ಕೊಟ್ಟುಬಿಟ್ಟಿರುತ್ತಾರೆ. ಅವು ಬಿಟ್ಟು ಇನ್ನೊಂದು ಹೇಳಬೇಕು.

ನಾನು ಮೂವತ್ತು ವರ್ಷಕ್ಕಿಂತ ಜಾಸ್ತಿ ಶಾಲೆಯಲ್ಲಿ ಕನ್ನಡ ಹೇಳಿಕೊಟ್ಟವನು. ಗಮಕವನ್ನೂ, ಅಂದರೆ ಕಾವ್ಯವನ್ನು ರಾಗವಾಗಿ ಓದುವುದನ್ನೂ, ಅಷ್ಟಿಷ್ಟು ಕಲಿತಿದ್ದೇನೆ. ಈ ಪ್ರಶ್ನೆಯನ್ನು ಎಷ್ಟೋ ಮಕ್ಕಳಿಗೆ ಕೇಳಿದ್ದೇನೆ. ಒಬ್ಬ ಪತ್ತೇದಾರಿ ಕಾದಂಬರಿ ಅನ್ನುತ್ತಾನೆ. ಅಲ್ಲಪ್ಪಾ, ಕೊಲೆ ಮಾಡಿದ್ದು ಯಾರು ಅಂತ ಮೊದಲ ವಾರವೇ ಗೊತ್ತಾಗುತ್ತದೆ, ಆಮೇಲೆ? ಇನ್ನೊಬ್ಬ ಬುದ್ಧಿವಂತ ದೋಣಿ ಮಾಡುವುದು ಹೇಗೆ ಅನ್ನೋ ಪುಸ್ತಕ ಕೇಳುತ್ತಾನೆ. ಮೊನ್ನೆ ನನ್ನ ಮೊಮ್ಮಗಳು, 'ತಾತ, ಮೊಬೈಲಲ್ಲಿ ಸಾವಿರ ಪುಸ್ತಕ ಇರತ್ತೆ' ಅಂದಳು. ಚಾರ್ಜ್ ಎಲ್ಲಿ ಮಾಡ್ತೀಯಾ ಪುಟ್ಟಿ, ತೆಂಗಿನ ಮರಕ್ಕೆ ಪ್ಲಗ್ ಇದೆಯಾ?

ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ. ಕಣ್ಣಿಗೆ ಪುಸ್ತಕ ಹುಡುಕುತ್ತಾರೆ. ದ್ವೀಪದಲ್ಲಿ ಕಣ್ಣಿಗೇನು ಬರ? ಸಮುದ್ರ ಇದೆ, ಆಕಾಶ ಇದೆ. ಬರ ಇರುವುದು ಮನುಷ್ಯರ ದನಿಗೆ. ಅದಕ್ಕೇ ಬಾಯಿಬಿಟ್ಟು ಓದುವ ಪುಸ್ತಕ ತಗೊಂಡು ಹೋಗಿ. ಇಷ್ಟೇ ನನ್ನ ಮಾತು.

ನಿಜವಾಗಿ ಹಾಗೆ ಸಿಕ್ಕಿಕೊಂಡವನೊಬ್ಬನಿದ್ದ. ಅಲೆಕ್ಸಾಂಡರ್ ಸೆಲ್ಕಿರ್ಕ್ ಅಂತ, ಸ್ಕಾಟ್ಲೆಂಡಿನ ನಾವಿಕ. 1704ರಲ್ಲಿ ಹಡಗಿನ ಕ್ಯಾಪ್ಟನ್ ಜೊತೆ ಜಗಳ ಆಡಿಕೊಂಡು ಚಿಲಿ ದೇಶದ ಆಚೆಗಿನ ಒಂದು ದ್ವೀಪದಲ್ಲಿ ಇಳಿದ. ನಾಲ್ಕು ವರ್ಷದ ಮೇಲೆ ಕೆಲವು ತಿಂಗಳು ಒಬ್ಬನೇ ಇದ್ದ. 1709ರಲ್ಲಿ ಇನ್ನೊಂದು ಹಡಗು ಬಂತು. ಆಡಿನ ಚರ್ಮ ಉಟ್ಟುಕೊಂಡವನೊಬ್ಬ ದಡಕ್ಕೆ ಓಡಿಬಂದ. ಅವನ ಮಾತು ಅವರಿಗೆ ಸರಿಯಾಗಿ ಅರ್ಥವೇ ಆಗಲಿಲ್ಲವಂತೆ. ಪದಗಳು ಅರ್ಧರ್ಧ ಬರುತ್ತಿದ್ದವಂತೆ. ಅದೂ ಹೇಗೆ ಗೊತ್ತಾ, ಮಾತು ಮರೆಯಬಾರದು ಅಂತಲೇ ಅವನು ದಿನಾ ಪ್ರಾರ್ಥನೆಯನ್ನು ಗಟ್ಟಿಯಾಗಿ ಹೇಳುತ್ತಿದ್ದನಂತೆ. ಅಷ್ಟು ಹೇಳಿಕೊಂಡೂ ಆ ಗತಿ. ಇನ್ನು ಮನಸ್ಸಲ್ಲೇ ಓದಿಕೊಂಡಿದ್ದಿದ್ದರೆ!

ಅವನ ಕಥೆ ಇರಲಿ. ನನ್ನದೇ ಒಂದು ದ್ವೀಪ ಇತ್ತು, ಅದನ್ನು ಹೇಳುತ್ತೇನೆ.

1978ರ ಜೂನ್. ಹೊಸದಾಗಿ ಕೆಲಸ ಸಿಕ್ಕಿತ್ತು. ಸಾಗರದಿಂದ ಆಚೆ, ಶರಾವತಿ ಹಿನ್ನೀರು ದಾಟಿದ ಮೇಲೆ ಒಂದು ಸಣ್ಣ ಊರಿನ ಶಾಲೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಿತಲ್ಲ, ಆ ಭಾಗದ ಊರುಗಳೆಲ್ಲ ಒಂದು ಕಡೆ ಕಾಡು, ಒಂದು ಕಡೆ ನೀರು ಅಂತ ಸಿಕ್ಕಿಕೊಂಡವು. ಈಚೆ ಬರಬೇಕಾದರೆ ಲಾಂಚ್. ಸಿಗಂದೂರಿನ ಸೇತುವೆ ಮೇಲೆ ಈಗ ಕಾರಿನಲ್ಲಿ ಜುಂಯ್ ಅಂತ ಹೋಗುವವರಿಗೆ ಇದು ಕಥೆ ಅನ್ನಿಸಬಹುದು. ಆ ಸೇತುವೆ ಶುರುವಾಗಿದ್ದು ಮೊನ್ನೆ, 2025ರ ಜುಲೈಯಲ್ಲಿ. ನಮ್ಮ ಕಾಲದಲ್ಲಿ ಸಂಜೆ ಮೇಲೆ ಲಾಂಚ್ ಇಲ್ಲ. ಗಾಳಿ ಮಳೆ ಜೋರಾದರೆ ಹಗಲೂ ಇಲ್ಲ.

ಕಬ್ಬಿಣದ ಟ್ರಂಕಿನಲ್ಲಿ ಎರಡು ಪುಸ್ತಕ ಇದ್ದವು. ಒಂದು ದಪ್ಪ ಕಾದಂಬರಿ, ಅದು ನನ್ನ ಆಸೆಗೆ. ಇನ್ನೊಂದು ಅಪ್ಪ ಬಲವಂತವಾಗಿ ತುರುಕಿದ ಗದುಗಿನ ಭಾರತ, ಕುಮಾರವ್ಯಾಸ ಕನ್ನಡದಲ್ಲಿ ಬರೆದ ಮಹಾಭಾರತ. 1958ರಲ್ಲಿ ಮೈಸೂರು ಸರ್ಕಾರ ಕುವೆಂಪು ಮತ್ತು ಮಾಸ್ತಿಯವರಿಂದ ಸಂಪಾದನೆ ಮಾಡಿಸಿ, ಎಲ್ಲರ ಕೈಗೆ ಸಿಗುವ ಬೆಲೆಗೆ ಅಚ್ಚು ಹಾಕಿಸಿತ್ತಲ್ಲ, ಆ ಪ್ರತಿ.

ಉಳಿದುಕೊಂಡಿದ್ದು ಒಬ್ಬ ರೈತರ ಮನೆಯಲ್ಲಿ. ನಾಡಿಗೆಲ್ಲ ಕರೆಂಟ್ ಕೊಟ್ಟ ನೀರು ಮನೆಯ ಕೆಳಗೇ ಇತ್ತು, ಮನೆಯಲ್ಲಿ ಮಾತ್ರ ಬುಡ್ಡಿ ದೀಪ. ಮಳೆ ಹಿಡಿಯಿತು ನೋಡಿ, ಆರು ದಿನ ಲಾಂಚ್ ಇಲ್ಲ. ಕಾದಂಬರಿ ನಾಲ್ಕನೇ ದಿನಕ್ಕೆ ಮುಗಿಯಿತು. ಇನ್ನೊಂದು ಸಲ ಓದಿದೆ, ಎರಡೇ ದಿನ. ಮೂರನೇ ಸಲಕ್ಕೆ ಪುಟ ತಿರುಗಿಸುವ ಮೊದಲೇ ಆಚೆ ಏನಿದೆ ಅಂತ ಗೊತ್ತಾಗುತ್ತಿತ್ತು. ಬೇರೆ ದಾರಿ ಇಲ್ಲದೆ ಅಪ್ಪನ ಭಾರತ ತೆಗೆದೆ. ಬಚ್ಚಲ ಒಲೆ ಮುಂದೆ ಚಳಿ ಕಾಯಿಸಿಕೊಳ್ಳುತ್ತಾ ಮನಸ್ಸಲ್ಲೇ ಓದುತ್ತಿದ್ದೆ. ಎರಡು ಪದ್ಯಕ್ಕೆ ಒಂದು ಆಕಳಿಕೆ.

ಆ ಮನೆಯ ಅಜ್ಜಿ ಅಲ್ಲೇ ಕವಳ ಹಾಕಿಕೊಂಡು ಕೂತಿದ್ದರು. ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು.

'ಏನ್ ಮಾಷ್ಟ್ರೇ, ಪುಸ್ತಕಕ್ಕೆ ಬಾಯಿಲ್ವಾ?'

'ಮನಸ್ಸಲ್ಲೇ ಓದ್ತಾ ಇದೀನಿ ಅಜ್ಜಿ.'

'ನಂಗೆ ಕೇಳ್ದೇ ಇದ್ರೆ ಅದೆಂಥ ಓದು?'

ಸರಿ, ಗಟ್ಟಿಯಾಗಿ ಓದಿದೆ. ಮೂರನೇ ಸಾಲಿಗೇ ತಡೆದರು. 'ಅಲ್ಲಿ ಮುರೀಬಾರ್ದು ಮಾಷ್ಟ್ರೇ. ಮುಂದಿನ ಸಾಲಿಗೆ ಹೋಗಿ ಮುರೀಬೇಕು.' ನಾನು ಡಿಗ್ರಿ ಓದಿದವನು. ಆಯಮ್ಮನಿಗೆ ಅಕ್ಷರ ಗೊತ್ತಿಲ್ಲ. ಆದರೂ ಅವರೇ ಸರಿ! ಕುಮಾರವ್ಯಾಸನ ಪದ ಸಾಲಿನ ಕೊನೆಗೆ ನಿಲ್ಲುವುದಿಲ್ಲ, ಅರ್ಧ ಆಚೆ ಹಾರಿರುತ್ತದೆ. ಕಣ್ಣು ಸಾಲಿನ ತುದಿಗೆ ನಿಂತುಬಿಡುತ್ತದೆ. ಕಿವಿ ನಿಲ್ಲುವುದಿಲ್ಲ. ಅವರ ಅಪ್ಪ ಶ್ರಾವಣದಲ್ಲಿ ಭಾರತ ಓದಿಸುತ್ತಿದ್ದರಂತೆ. ಚಿಕ್ಕ ಹುಡುಗಿಯಾಗಿದ್ದಾಗ ಕಂಬದ ಮರೆಯಲ್ಲಿ ಕೂತು ಕೇಳಿದ್ದು ಅವರಿಗೆ ಹಾಗೇ ಉಳಿದಿತ್ತು.

ಮಾರನೇ ರಾತ್ರಿ ಪಕ್ಕದ ಮನೆಯವರು ಬಂದರು. ಅದರ ಮಾರನೇ ರಾತ್ರಿ ಗುಡ್ಡದಾಚೆಯವರೂ ಕಂಬಳಿ ಕೊಪ್ಪೆ ಹಾಕಿಕೊಂಡು ಬಂದರು. ಬಚ್ಚಲ ಒಲೆ ಸಾಲದೆ ಜಗಲಿಗೆ ಬಂದೆವು. ಸಭಾಪರ್ವ ಆಯಿತು, ಅರಣ್ಯಪರ್ವ ಆಯಿತು. ಮುಂದಿನದು ವಿರಾಟಪರ್ವ. ಪುಟ ತಿರುಗಿಸಿದೆನೋ ಇಲ್ಲವೋ, ಮನೆ ಯಜಮಾನರು ಕೈ ಅಡ್ಡ ಹಿಡಿದರು. 'ಅದೊಂದು ಬ್ಯಾಡ ಮಾಷ್ಟ್ರೇ. ಇರೋ ಮಳೇನೇ ಸಾಕು.'

ಎಲ್ಲರೂ ನಕ್ಕರು. ಆದರೆ ಯಾರೂ ಓದಿ ಅನ್ನಲಿಲ್ಲ. ಮಳೆ ಬಾರದಿದ್ದರೆ ವಿರಾಟಪರ್ವ ಓದಿಸುವ ಪದ್ಧತಿ ನಿಮಗೂ ಗೊತ್ತಿರುತ್ತದಲ್ಲ. ಹಾಗಾಗಿ ಅದನ್ನು ಹಾರಿಸಿ ಉದ್ಯೋಗಪರ್ವಕ್ಕೆ ಹೋದೆವು. ಕೊನೆಗೆ ಸೆಪ್ಟೆಂಬರಿನಲ್ಲಿ ಬಿಸಿಲು ಬಿದ್ದ ಮೇಲೆ, ಹೆಂಗಸರೆಲ್ಲ ಉತ್ತರಕುಮಾರನ ಜಂಬ ಕೇಳಲೇಬೇಕು ಅಂತ ಹಟ ಹಿಡಿದರು. ಓದಿದೆ. ಹೆಂಗಸರ ಮುಂದೆ ಆ ರಾಜಕುಮಾರ ಕೊಚ್ಚಿಕೊಳ್ಳುವುದೇನು, ಕೌರವರ ಸೈನ್ಯ ಕಂಡಕೂಡಲೇ ರಥದಿಂದ ಹಾರಿ ಓಡುವುದೇನು! ಅಜ್ಜಿ ನಕ್ಕೂ ನಕ್ಕೂ ಕವಳ ಉಗಿದುಬಂದರು. ಮಾರನೇ ದಿನ ಬೆಳಿಗ್ಗೆ ಮಳೆ ಶುರುವಾಯಿತು. ಲಾಂಚ್ ನಿಂತಿತು. ಒಂದು ವಾರ ಊರಿನವರು ನನ್ನ ಮುಖ ನೋಡುವ ರೀತಿಯೇ ಬೇರೆ ಇತ್ತು.

ಹತ್ತು ನಿಮಿಷದಲ್ಲಿ ಮುಗಿಸಿ ಅಂತ ಹೇಳಿದ್ದಾರೆ. ಈ ಮಳೆಯೇ ಅರ್ಧಕ್ಕಿಂತ ಜಾಸ್ತಿ ತಿಂದುಹಾಕಿತು. ಉಳಿದದ್ದು ಚುರುಕಾಗಿ ಹೇಳಿಬಿಡುತ್ತೇನೆ.

ಗದುಗಿನ ಭಾರತವೇ ಯಾಕೆ? ಅದು ಇರುವುದೇ ಬಾಯಿಗೋಸ್ಕರ. ಭಾಮಿನೀ ಷಟ್ಪದಿ. ಅಂದರೆ ಏನೂ ಇಲ್ಲ, ಆರು ಸಾಲಿನ ಪದ್ಯ, ಮಾತ್ರೆಯ ಲೆಕ್ಕ ಮೂರು ನಾಲ್ಕು, ಮೂರು ನಾಲ್ಕು. ತೊಡೆ ಮೇಲೆ ತಾಳ ಹಾಕಿ ನೋಡಿ. ಮೂರನೇ ಸಾಲು ಮತ್ತು ಆರನೇ ಸಾಲು ಮಾತ್ರ ಉದ್ದ, ಕೊನೆಯಲ್ಲಿ ಒಂದು ಎಳೆತ, ಅಲ್ಲಿ ಉಸಿರು. ರಾಗ ಬರದಿದ್ದರೂ ಪರವಾಗಿಲ್ಲ, ದ್ವೀಪದಲ್ಲಿ ಯಾರು ಕೇಳುತ್ತಾರೆ? ರಾಗ ಬೇಕು ಅನ್ನುವವರು ಗಮಕಿಗಳ ಓದು ಕೇಳಿ. ನಮ್ಮ ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಿದ್ದು ಈ ಓದಿಗೇ.

ಹತ್ತು ಪರ್ವ, ಎಂಟು ಸಾವಿರದಷ್ಟು ಪದ್ಯ. ದಿನಕ್ಕೆ ಹತ್ತು ಓದಿದರೆ ಎರಡು ವರ್ಷ ದಾಟುತ್ತದೆ. ಹಳೆಗನ್ನಡದ ಹಾಗೆ ಕಷ್ಟ ಅಲ್ವಾ ಅಂತ ಕೇಳಬೇಡಿ. ಇದು ನಡುಗನ್ನಡ. ಗಟ್ಟಿಯಾಗಿ ಮೂರು ಸಲ ಓದಿ, ಅರ್ಧ ತಾನೇ ಬಿಡಿಸಿಕೊಳ್ಳುತ್ತದೆ. ಇನ್ನರ್ಧಕ್ಕೆ ಏನವಸರ? ದ್ವೀಪದಲ್ಲಿ ಬಸ್ಸು ಹಿಡಿಯಬೇಕಾ?

ಕಗ್ಗ ಬೇಡವಾ ಅನ್ನುವವರಿದ್ದೀರಿ. ಒಳ್ಳೆಯ ಪುಸ್ತಕ. ಆದರೆ ಅದರಲ್ಲಿ ಒಬ್ಬರೇ ಮಾತಾಡುತ್ತಾರೆ. ಒಬ್ಬನೇ ಇರುವವನಿಗೆ ಇನ್ನೂ ಒಬ್ಬರ ಬುದ್ಧಿಮಾತು ಸಾಕಾಗುವುದಿಲ್ಲ, ಸಂತೆ ಬೇಕು. ಭಾರತದಲ್ಲಿ ದ್ರೌಪದಿ ಸಿಟ್ಟಾಗುತ್ತಾಳೆ, ಭೀಮ ಗುಡುಗುತ್ತಾನೆ, ಶಕುನಿ ಪಿಸುಗುಡುತ್ತಾನೆ. ನೀವು ಬಾಯಿಬಿಟ್ಟು ಓದಿದರೆ ಇಷ್ಟೂ ಜನ ನಿಮ್ಮ ಗಂಟಲಿನಿಂದಲೇ ಬರುತ್ತಾರೆ.

ಅಜ್ಜಿ ನನಗೆ ಒಡ್ಡಿದ ಒಂದು ಒಗಟು ಹೇಳಿ ಮುಗಿಸುತ್ತೇನೆ. ಕುಮಾರವ್ಯಾಸನದೇ ಪದ್ಯ, ನಾನು ಆಡುಮಾತಿನಲ್ಲಿ ಹೇಳುತ್ತೇನೆ. ವೇದಪುರುಷನ ಮಗ, ಅವನ ಮಗ, ಅವನ ಅಣ್ಣತಮ್ಮ, ಅವನ ಮೊಮ್ಮಗ, ಅವನ ಮಗ. ಆ ಮಗನ ಹೆಂಡತಿ, ಅವಳ ಸೋದರಮಾವ, ಅವನ ಮಾವ. ಆ ಮಾವನನ್ನು ಕಾದಾಡಿ ಗೆದ್ದವನ ಅಣ್ಣ, ಆ ಅಣ್ಣನ ತಾಯಿ, ಆ ತಾಯಿಯ ನಾದಿನಿ. ಆ ನಾದಿನಿಯ ಹೊಟ್ಟೆಯಲ್ಲಿ ಹುಟ್ಟಿದವನು ನಮ್ಮನ್ನು ಕಾಪಾಡಲಿ.

ಯಾರವನು? ವೇದಪುರುಷ ನಾರಾಯಣ. ಮಗ ಬ್ರಹ್ಮ. ಅವನ ಮಗ ನಾರದ. ನಾರದನ ಅಣ್ಣತಮ್ಮ ಮರೀಚಿ. ಮರೀಚಿಯ ಮೊಮ್ಮಗ ಇಂದ್ರ. ಇಂದ್ರನ ಮಗ ಅರ್ಜುನ. ಇಲ್ಲಿವರೆಗೆ ನಾನು ಕೊಟ್ಟಿದ್ದೇನೆ. ಅರ್ಜುನನ ಹೆಂಡತಿ ಅಂದಕೂಡಲೇ ದ್ರೌಪದಿ ಅಂದುಕೊಂಡಿರೋ, ದಾರಿ ತಪ್ಪಿದಿರಿ. ನಾನು ಎರಡು ರಾತ್ರಿ ಅಲ್ಲೇ ಸುತ್ತುತ್ತಿದ್ದೆ. ಮುಂದಿನದು ನಿಮಗೆ ಬಿಟ್ಟಿದ್ದು. ಮೆಟ್ಟುಗತ್ತಿಯ ಮೇಲೆ ಕೂತವರು ಮಾತ್ರ ಬೆರಳು ಮಡಚಿ ಎಣಿಸೋಕೆ ಹೋಗಬೇಡಿ, ಕೈ ಕೊಯ್ದೀತು. ಬಾಯಲ್ಲೇ ಹೇಳಿಕೊಳ್ಳಿ, ಗಟ್ಟಿಯಾಗಿ.

ನಮಸ್ಕಾರ.