ಏಳು ಮನೆಯ ಅನ್ನ, ಒಂದು ಲೋಟ ಗಂಜಿ

ಆತ್ಮೀಯರೇ, ನಮಸ್ಕಾರ.

ನನ್ನ ತಂದೆ ವಾರಾನ್ನ ಉಂಡು ಓದಿದವರು. ಗ್ಲಾಸ್ಗೋದಲ್ಲೇ ಹುಟ್ಟಿ ಬೆಳೆದ ಮಕ್ಕಳು ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳ್ಳಿಯಲ್ಲಿ ಹೈಸ್ಕೂಲು ಇರಲಿಲ್ಲ. ಪಟ್ಟಣಕ್ಕೆ ಓದಲು ಬಂದ ಬಡ ಹುಡುಗ ಏಳು ಮನೆ ಗೊತ್ತುಮಾಡಿಕೊಳ್ಳುತ್ತಿದ್ದ. ಸೋಮವಾರ ಒಬ್ಬರ ಮನೆಯಲ್ಲಿ ಊಟ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ. ಏಳೂ ದಿನಕ್ಕೆ ಮನೆ ಸಿಕ್ಕರೆ ಅವನ ಪುಣ್ಯ, ಮನೆ ಸಿಗದ ದಿನ ಉಪವಾಸ. ಅಪ್ಪ 1950ರ ದಶಕದಲ್ಲಿ ತುಮಕೂರಿನಲ್ಲಿ ಹೀಗೆ ನಾಲ್ಕು ವರ್ಷ ಕಳೆದರು.

ಆ ಏಳು ಮನೆಗಳಲ್ಲಿ ಅಪ್ಪ ಕೊನೆಯವರೆಗೂ ನೆನೆಯುತ್ತಿದ್ದದ್ದು ಎರಡನ್ನು. ಬುಧವಾರದ ಮನೆಯಲ್ಲಿ ನಡುಮನೆಯ ಆಚೆ, ಓಡಾಡುವ ಜಾಗದಲ್ಲಿ ಎಲೆ ಹಾಕುತ್ತಿದ್ದರು. ಬಡಿಸಿದವರು ಮಾತನಾಡುತ್ತಿರಲಿಲ್ಲ. ಗುರುವಾರದ ಮನೆಯ ಅಮ್ಮ ತಮ್ಮ ಮಕ್ಕಳ ಪಂಕ್ತಿಯಲ್ಲೇ ಕೂರಿಸಿ, "ಇವತ್ತು ಏನಪ್ಪ ಪಾಠ ಆಯಿತು?" ಎಂದು ಕೇಳಿ ಸಾರು ಬಡಿಸುತ್ತಿದ್ದರು. ಅನ್ನ ಎರಡೂ ಮನೆಯಲ್ಲಿ ಒಂದೇ ಬಗೆಯದು. ಆದರೆ ಬುಧವಾರ ಅಪ್ಪ ಅರೆಹೊಟ್ಟೆಯಲ್ಲೇ ಎಲೆ ಮಡಿಸಿ ಏಳುತ್ತಿದ್ದರಂತೆ. ವಾರಾನ್ನದ ಮನೆಗಳು ಬಹುಪಾಲು ಜಾತಿಯ ಬೇಲಿಯೊಳಗೇ ಇದ್ದವು ಎನ್ನುವುದನ್ನೂ ಮರೆಮಾಚಲಾರೆ. ಬೇಲಿಯ ಆಚೆಗಿದ್ದ ಮಕ್ಕಳನ್ನು ಸಿದ್ಧಗಂಗೆಯಂಥ ಮಠಗಳ ದಾಸೋಹ ಕೈಹಿಡಿಯಿತು. ರೈತರು ಗಾಡಿಯಲ್ಲಿ ತಂದೊಪ್ಪಿಸಿದ ರಾಗಿ, ಅಕ್ಕಿ, ತೆಂಗಿನಕಾಯಿಗಳಿಂದ ಅಲ್ಲಿ ಜಾತಿ ಕೇಳದೆ ಸಾವಿರಾರು ಮಕ್ಕಳು ಉಂಡು ಓದಿದರು.

ಆಫ್ರಿಕಾದ ಮಕ್ಕಳಿಗಾಗಿ ನಾವು ಹಣ ಕೂಡಿಸುವ ವಿಷಯ ಮಾತನಾಡಬೇಕೆಂದು ನನ್ನನ್ನು ಕರೆದಿದ್ದೀರಿ. ನಾನು ತುಮಕೂರಿನಿಂದ ಆರಂಭಿಸಿದ್ದು ಸುಮ್ಮನೆ ಅಲ್ಲ. ಆಫ್ರಿಕಾದ ಮಲಾವಿ ದೇಶದ ಶಾಲೆಯೊಂದರ ಅಂಗಳದಲ್ಲಿ ನಿಂತಾಗ ನನಗೆ ಮೊದಲು ನೆನಪಾದದ್ದು ಆ ಗುರುವಾರದ ಮನೆ.

ಈ ಸ್ಕಾಟ್ಲೆಂಡಿಗೂ ಮಲಾವಿಗೂ ಹಳೆಯ ನಂಟು. ಇಲ್ಲಿಯವನೇ ಆದ ಅನ್ವೇಷಕ ಡೇವಿಡ್ ಲಿವಿಂಗ್‌ಸ್ಟನ್ 1859ರಲ್ಲಿ ಮಲಾವಿ ಸರೋವರದ ದಡ ತಲುಪಿದ. ಅವನು ಹುಟ್ಟಿದ ಬ್ಲಾಂಟೈರ್ ಇಲ್ಲಿಂದ ಅರ್ಧ ಗಂಟೆಯ ದಾರಿ, ಮಲಾವಿಯ ದೊಡ್ಡ ವ್ಯಾಪಾರದ ನಗರಕ್ಕೂ ಅದೇ ಹೆಸರು. 2005ರಲ್ಲಿ ಎರಡೂ ಸರ್ಕಾರಗಳು ಸಹಕಾರದ ಒಪ್ಪಂದಕ್ಕೆ ಸಹಿ ಹಾಕಿದವು. ಆದರೆ ಸರ್ಕಾರಗಳ ಒಪ್ಪಂದಕ್ಕಿಂತ ಒಂದು ತಗಡಿನ ಶೆಡ್ಡಿನ ಕಥೆ ನನಗೆ ದೊಡ್ಡದು.

1992ರಲ್ಲಿ ಆರ್ಗೈಲ್ ಪ್ರಾಂತ್ಯದ ಡಾಲ್‌ಮ್ಯಾಲಿ ಎಂಬ ಹಳ್ಳಿಯ ಮ್ಯಾಗ್ನಸ್ ಮೆಕ್‌ಫಾರ್ಲೇನ್-ಬ್ಯಾರೋ, ಸಾಲ್ಮನ್ ಮೀನು ಸಾಕುವ ಕೆಲಸದವರು, ಬೋಸ್ನಿಯಾದ ಯುದ್ಧದ ಸುದ್ದಿಯನ್ನು ಟಿವಿಯಲ್ಲಿ ನೋಡಿದರು. ಸಹೋದರನೊಂದಿಗೆ ಸೇರಿ ಊರವರಿಂದ ಕಂಬಳಿ, ಆಹಾರ ಕೂಡಿಸಿ ಜೀಪಿನಲ್ಲಿ ತುಂಬಿಕೊಂಡು ಹೋಗಿ ಕೊಟ್ಟು ಬಂದರು. ಒಂದು ವಾರದ ರಜೆಯಲ್ಲಿ ಮುಗಿಯಬೇಕಾದ ಕೆಲಸ ಅದು. ಹಿಂತಿರುಗಿ ನೋಡಿದರೆ ಅಪ್ಪ ಅಮ್ಮನ ಮನೆಯ ಶೆಡ್ಡು ಮತ್ತೆ ತುಂಬಿತ್ತು, ಜನ ಕೊಡುವುದನ್ನು ನಿಲ್ಲಿಸಿರಲಿಲ್ಲ. ಅವರು ಕೆಲಸ ಬಿಟ್ಟರು, ಮನೆ ಮಾರಿದರು.

ಹತ್ತು ವರ್ಷದ ನಂತರ, 2002ರ ಬರಗಾಲದಲ್ಲಿ, ಮಲಾವಿಯ ಒಂದು ಗುಡಿಸಲಿನಲ್ಲಿ ಏಡ್ಸ್‌ನಿಂದ ಸಾಯುತ್ತಿದ್ದ ತಾಯಿಯೊಬ್ಬಳ ಬಳಿ ಅವರು ಕುಳಿತಿದ್ದರು. ಸುತ್ತ ಅವಳ ಮಕ್ಕಳು. ದೊಡ್ಡ ಹುಡುಗನನ್ನು ನಿನ್ನ ಆಸೆ ಏನು ಎಂದು ಕೇಳಿದಾಗ, ಸಾಕಷ್ಟು ಊಟ ಸಿಗಬೇಕು, ಒಂದು ದಿನ ಶಾಲೆಗೆ ಹೋಗಬೇಕು ಎಂದನಂತೆ. ಹದಿನಾಲ್ಕು ವರ್ಷದ ಹುಡುಗ ಕೇಳಿದ್ದು ಇಷ್ಟೇ. ಆ ಮಾತಿನಿಂದ, ಶಾಲೆಯಲ್ಲೇ ಮಕ್ಕಳಿಗೆ ಊಟ ಕೊಡುವ 'ಮೇರಿಸ್ ಮೀಲ್ಸ್' ಎಂಬ ಸಂಸ್ಥೆ ಹುಟ್ಟಿತು. ಏಸುವಿನ ತಾಯಿಯ ಹೆಸರು, ಆದರೆ ಊಟಕ್ಕೆ ಬರುವ ಮಗುವಿನ ಮತ ಯಾವುದೆಂದು ಕೇಳುವುದಿಲ್ಲ. ಮೊದಲು ಉಂಡವರು 200 ಮಕ್ಕಳು. 2015ರಲ್ಲಿ 10 ಲಕ್ಷ, 2021ರಲ್ಲಿ 20 ಲಕ್ಷ ದಾಟಿತು.

ಅದೇ 2002ರಲ್ಲಿ ನಮ್ಮ ಕರ್ನಾಟಕದಲ್ಲಿ, ಸುಪ್ರೀಂ ಕೋರ್ಟಿನ ಆದೇಶದ ಬೆನ್ನಿಗೆ, ಅಕ್ಷರ ದಾಸೋಹ ಆರಂಭವಾಯಿತು. ಎರಡರ ಹಿಂದಿನ ತಿಳಿವಳಿಕೆ ಒಂದೇ. ಹಸಿದ ಮಗುವನ್ನು ಶಾಲೆಗೆ ಕರೆತರಬೇಕಾದರೆ ಊಟವನ್ನು ಶಾಲೆಯಲ್ಲೇ ಇಡಬೇಕು. ನಮ್ಮಲ್ಲಿ ಆ ಹೊಣೆಯನ್ನು ಸರ್ಕಾರ ಹೊತ್ತಿತು. ಮಲಾವಿ ಸರ್ಕಾರ 1994ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಮಾಡಿತು, ತರಗತಿಗಳು ತುಂಬಿ ತುಳುಕಿದವು, ಆದರೆ ಎಲ್ಲ ಮಕ್ಕಳಿಗೂ ಊಟ ಕೊಡುವಷ್ಟು ಬೊಕ್ಕಸ ಅದರದ್ದಲ್ಲ. ಆ ತೆರಪಿನಲ್ಲಿ ನಿಂತು ಕೆಲಸ ಮಾಡುವವು ಇಂಥ ಸಂಸ್ಥೆಗಳು. ಅವುಗಳ ಹಿಂದೆ ನಿಂತಿರುವವು ನಮ್ಮಂಥ ಸಣ್ಣ ಗುಂಪುಗಳು.

ಆ ಶಾಲೆಯ ಅಂಗಳಕ್ಕೆ ಬರುತ್ತೇನೆ. ನಾನು ಹೋದದ್ದು ಫೆಬ್ರವರಿಯಲ್ಲಿ. ಅಲ್ಲಿ ಅದು ಕಣಜ ಬರಿದಾಗುವ ಕಾಲ. ಕಳೆದ ಸಲದ ಜೋಳ ತೀರಿರುತ್ತದೆ, ಹೊಲದಲ್ಲಿ ಆಳೆತ್ತರದ ಮೆಕ್ಕೆಜೋಳ ಹಸಿರಾಗಿ ನಿಂತಿರುತ್ತದೆ, ಕೊಯ್ಲಿಗೆ ಏಪ್ರಿಲ್ ಬರಬೇಕು. ಸುತ್ತ ನೋಡಿದರೆ ಸಮೃದ್ಧಿ, ಮನೆಯೊಳಗೆ ಹಸಿವು. ಬೆಳಕು ಹರಿಯುವ ಮೊದಲೇ ನಾಲ್ವರು ತಾಯಂದಿರು ಬಂದು ಒಲೆ ಹಚ್ಚಿದ್ದರು. ಅವರದು ಸರದಿ, ಸಂಬಳದ ಕೆಲಸವಲ್ಲ. ನಮ್ಮ ಮದುವೆ ಮನೆಯ ಹಂಡೆಯಷ್ಟು ದೊಡ್ಡ ಪಾತ್ರೆ. ಮೆಕ್ಕೆಜೋಳ ಮತ್ತು ಸೋಯಾ ಹಿಟ್ಟಿಗೆ ಸಕ್ಕರೆ, ಜೀವಸತ್ವಗಳನ್ನು ಸೇರಿಸಿದ ಗಂಜಿ, ಅವರ ಮಾತಿನಲ್ಲಿ 'ಫಾಲಾ'. ದೋಣಿಯ ಹುಟ್ಟಿನಷ್ಟು ಉದ್ದದ ಮರದ ಸೌಟು ಹಿಡಿದು ಒಬ್ಬಾಕೆ ತಿರುವುತ್ತಿದ್ದರು, ಗಂಟು ಕಟ್ಟದ ಹಾಗೆ, ತಳ ಹತ್ತದ ಹಾಗೆ. ಮುದ್ದೆ ತಿರುವುವಾಗ ನನ್ನ ಅಜ್ಜಿ ಪಾತ್ರೆಗೆ ಕಾಲು ಒತ್ತಿ, ಕೋಲಿಗೆ ಇಡೀ ಮೈಭಾರ ಕೊಡುತ್ತಿದ್ದರಲ್ಲ, ಅದೇ ಭಂಗಿ. ನಡುನಡುವೆ ಸೌಟು ಎತ್ತಿ ಗಂಜಿ ಇಳಿಯುವ ಧಾರೆ ನೋಡಿ, ಇನ್ನೂ ಆಗಿಲ್ಲ ಎಂದು ತಲೆಯಾಡಿಸುತ್ತಿದ್ದರು.

ಮಕ್ಕಳು ಬಣ್ಣಬಣ್ಣದ ಪ್ಲಾಸ್ಟಿಕ್ ಲೋಟ ಹಿಡಿದು ಸಾಲಾಗಿ ಬಂದರು. ಒಂದು ಪುಟ್ಟ ಹುಡುಗಿ ಅರ್ಧ ಕುಡಿದು, ಲೋಟದ ಬಾಯನ್ನು ಅಂಗೈಯಿಂದ ಮುಚ್ಚಿಕೊಂಡು ನಿಂತಳು. ಮನೆಯಲ್ಲಿರುವ ತಮ್ಮನಿಗೆ ಎಂದಳಂತೆ. ಸೌಟಿನ ತಾಯಿ ಏನೋ ಗದರಿದರು, ಅವಳು ಮಿಕ್ಕದ್ದನ್ನು ಕುಡಿದಳು, ಆಕೆ ಲೋಟಕ್ಕೆ ಮತ್ತೊಂದಿಷ್ಟು ಸುರಿದರು. ಅಲ್ಲಿಯ ಚಿಚೆವಾ ಭಾಷೆಯಲ್ಲಿ ತಾಯಿಗೆ 'ಅಮಾಯಿ' ಎನ್ನುತ್ತಾರೆ. ಆ ಪದ ಕಿವಿಗೆ ಬಿದ್ದಾಗ ನನಗೆ ಗುರುವಾರದ ಅಮ್ಮ ಕಂಡರು.

ಇಲ್ಲಿಂದ ನನ್ನ ಮುಖ್ಯ ಮಾತು. ನಾವು ಕೊಡುತ್ತೇವೆ, ಅವರು ಪಡೆಯುತ್ತಾರೆ ಎಂಬ ಲೆಕ್ಕ ತಪ್ಪು. ಆ ನಾಲ್ವರು ಹಸಿವಿನ ತಿಂಗಳಲ್ಲಿ, ತಮ್ಮ ಹೊಲದ ಕಳೆ ಕೀಳುವ ಹೊತ್ತನ್ನು ಬಿಟ್ಟುಕೊಟ್ಟು ಬಂದಿದ್ದರು. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಪದ್ಧತಿ ಇತ್ತು, ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ನಮ್ಮ ದುಡ್ಡು ಆ ತಾಯಂದಿರ ದುಡಿಮೆಗೆ ಸೇರುವ ಮುಯ್ಯಿ. ಮೊದಲ ಆಳು ಅವರು, ನಾವು ಆಮೇಲೆ ಬಂದವರು. ನಾವು ಹಣ ಕೇಳುವ ರೀತಿಯಲ್ಲಿಯೂ ಇದು ಕಾಣಬೇಕು.

ನಾನು ಇದನ್ನು ಕಲಿತದ್ದು ತಪ್ಪು ಮಾಡಿ. ನಮ್ಮ ಗುಂಪಿನ ಮೊದಲ ಕರಪತ್ರದಲ್ಲಿ ಎಲ್ಲಿಂದಲೋ ತೆಗೆದುಕೊಂಡ ಒಂದು ಚಿತ್ರ ಹಾಕಿದ್ದೆ. ಎಲುಬು ಕಾಣುವ ಮಗು, ಮೂಗಿನ ಮೇಲೆ ನೊಣ. ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಮಲಾವಿಯ ನರ್ಸ್ ಒಬ್ಬರಿದ್ದಾರೆ. ಮೆಚ್ಚುತ್ತಾರೆ ಎಂದುಕೊಂಡು ಅವರಿಗೊಂದು ಪ್ರತಿ ಕೊಟ್ಟೆ. ಅವರು ತುಂಬ ಹೊತ್ತು ನೋಡಿ, "ಇದು ಯಾರ ಮಗು? ಇದರ ತಾಯಿಯನ್ನು ಕೇಳಿದಿರಾ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ನನ್ನ ಅಪ್ಪ ಓಡಾಡುವ ಜಾಗದಲ್ಲಿ ಎಲೆಯ ಮುಂದೆ ತಲೆ ತಗ್ಗಿಸಿ ಕುಳಿತ ಚಿತ್ರವನ್ನು ಯಾರಾದರೂ ಊರಿಗೆಲ್ಲ ಹಂಚಿದ್ದರೆ? ಉಳಿದ ಕರಪತ್ರಗಳನ್ನು ಅಂದೇ ಹರಿದು ಹಾಕಿದೆ. ಈಗ ನಮ್ಮ ಫಲಕದಲ್ಲಿ ಇರುವುದು ಒಂದು ಲೋಟ, ಒಂದು ಸೌಟು, ಅಷ್ಟೇ. ಮೊದಲ ಸಂಜೆ ಡಬ್ಬಿಗೆ ಕಡಿಮೆ ಬಿತ್ತು. ಆದರೂ ಅದನ್ನು ಬದಲಿಸಲಿಲ್ಲ.

ಇನ್ನು ದುಡ್ಡು ಕೂಡಿಸುವ ಕೆಲಸ. ಇಲ್ಲಿ ರಸ್ತೆಯಲ್ಲಿ ಡಬ್ಬಿ ಹಿಡಿದು ನಿಲ್ಲಬೇಕಾದರೆ ನಗರಸಭೆಯ ಅನುಮತಿ ಬೇಕು. ಡಬ್ಬಿಗೆ ಮುದ್ರೆ ಇರಬೇಕು, ಅದನ್ನು ಒಡೆದು ಎಣಿಸುವಾಗ ಇಬ್ಬರಿರಬೇಕು, ಇಬ್ಬರೂ ಸಹಿ ಹಾಕಬೇಕು. ಗಂಡ ಹೆಂಡತಿ ಇಬ್ಬರೇ ಎಣಿಸುವುದು ಬೇಡ ಎಂದು ನಮ್ಮ ಗುಂಪಿನಲ್ಲಿ ನಿಯಮ ಮಾಡಿಕೊಂಡಿದ್ದೇವೆ. ನಂಬಿಕೆ ಇಲ್ಲವೆಂದಲ್ಲ, ನಾಳೆ ಯಾರೂ ಬೆರಳು ತೋರಿಸಬಾರದೆಂದು. ನೀವು ಕೊಡುವ ಸಂಸ್ಥೆ ಸ್ಕಾಟ್ಲೆಂಡಿನದಾದರೆ ಎಷ್ಟೇ ಸಣ್ಣದಾದರೂ ಅದರ ಹೆಸರು ಇಲ್ಲಿಯ ದತ್ತಿ ನಿಯಂತ್ರಕರ ಪಟ್ಟಿಯಲ್ಲಿ ಇರಲೇಬೇಕು. ಅದರ ನೋಂದಣಿ ಸಂಖ್ಯೆ ಕೇಳಿ. ಕೇಳಿದರೆ ಬೇಸರಿಸುವ ಸಂಸ್ಥೆಗೆ ಕೊಡಬೇಡಿ.

ತೆರಿಗೆ ಕಟ್ಟುವವರಿಗೆ ಗಿಫ್ಟ್ ಏಡ್ ಎಂಬ ಅನುಕೂಲವಿದೆ. ನೀವು ಒಂದು ಪೌಂಡ್ ಕೊಟ್ಟು ಒಂದು ಅರ್ಜಿಗೆ ಸಹಿ ಹಾಕಿದರೆ ಸರ್ಕಾರ 25 ಪೆನ್ಸ್ ಸೇರಿಸುತ್ತದೆ. ದೋಸೆ ಮಾರಿ ಬಂದ ಹಣಕ್ಕೆ ಇದು ಸಿಗುವುದಿಲ್ಲ, ಏಕೆಂದರೆ ಅಲ್ಲಿ ನೀವು ದೋಸೆ ಕೊಂಡಿರುತ್ತೀರಿ, ದಾನ ಕೊಟ್ಟಿರುವುದಿಲ್ಲ. ಯುಗಾದಿಯ ದಿನ ನಮ್ಮ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಕಾವಲಿಯ ಮುಂದೆ ನಿಂತು ದುಡಿದದ್ದನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ದೋಸೆಯ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ, ಮಗುವಿಗೆ ಹಸಿವು ದಿನವೂ ಆಗುತ್ತದೆ. ಸಂಸ್ಥೆ ಒಂದು ಶಾಲೆಗೆ ಹೋಗಿ ನಾಳೆಯಿಂದ ಊಟ ಕೊಡುತ್ತೇವೆ ಎಂದು ಮಾತು ಕೊಡಬೇಕಾದರೆ ಮುಂದಿನ ತಿಂಗಳು, ಅದರ ಮುಂದಿನ ತಿಂಗಳು ಹಣ ಬರುವ ಭರವಸೆ ಬೇಕು. ಅರ್ಧ ವರ್ಷ ಉಣ್ಣಿಸಿ ಒಲೆ ಆರಿಸಿದರೆ ಅದಕ್ಕಿಂತ ದೊಡ್ಡ ಕ್ರೌರ್ಯವಿಲ್ಲ. ಹಾಗಾಗಿ ಒಮ್ಮೆ ಕೊಡುವ ನೂರು ಪೌಂಡಿಗಿಂತ ತಿಂಗಳು ತಿಂಗಳು ತಪ್ಪದೆ ಬರುವ ನಾಲ್ಕು ಪೌಂಡನ್ನೇ ನಾನು ಹೆಚ್ಚು ನೆಚ್ಚುತ್ತೇನೆ.

ಹಳೆಯ ಬಟ್ಟೆ ಕಳಿಸಬಹುದೇ ಎಂದು ಪ್ರತಿ ಸಭೆಯಲ್ಲೂ ಕೇಳುತ್ತಾರೆ. ಬೇಡ. ಹಡಗಿನ ಬಾಡಿಗೆ ಬಟ್ಟೆಯ ಬೆಲೆಯನ್ನು ಮೀರುತ್ತದೆ. ಹಣ ಹೋದರೆ ಹಿಟ್ಟನ್ನು ಅಲ್ಲಿಯೇ ಕೊಳ್ಳಬಹುದು, ಅಲ್ಲಿಯ ರೈತನ ಕೈಗೂ ನಾಲ್ಕು ಕಾಸು ಸೇರುತ್ತದೆ.

ಮಕ್ಕಳೇ, ನಿಮಗೊಂದು ಸಂಗತಿ. 2012ರಲ್ಲಿ ಇದೇ ಆರ್ಗೈಲ್‌ನ ಒಂಬತ್ತು ವರ್ಷದ ಹುಡುಗಿ ತನ್ನ ಶಾಲೆಯ ಮಧ್ಯಾಹ್ನದ ಊಟದ ಚಿತ್ರ ತೆಗೆದು, ಅದಕ್ಕೆ ಅಂಕ ಕೊಟ್ಟು, ದಿನವೂ ಅಂತರ್ಜಾಲದಲ್ಲಿ ಬರೆಯುತ್ತಿದ್ದಳು. ಓದುಗರನ್ನು ಮೇರಿಸ್ ಮೀಲ್ಸ್‌ಗೆ ದುಡ್ಡು ಕೊಡಿ ಎಂದು ಕೇಳಿದ್ದಳು. ಅವಳ ಗುರಿ 7,000 ಪೌಂಡ್. ಸ್ಥಳೀಯ ಆಡಳಿತ ಚಿತ್ರ ತೆಗೆಯಬಾರದೆಂದು ತಡೆಯಿತು, ದೇಶದ ತುಂಬ ಗದ್ದಲವಾಗಿ ಮರುದಿನವೇ ತಡೆ ಹಿಂತೆಗೆದುಕೊಂಡಿತು. ಕೂಡಿದ ಹಣ ಲಕ್ಷ ಪೌಂಡ್ ದಾಟಿತು. ಮಲಾವಿಯ ಬ್ಲಾಂಟೈರ್ ಬಳಿಯ ಲಿರಾಂಗ್ವೆಯ ಶಾಲೆಯಲ್ಲಿ ಆ ಹಣದಿಂದ ಅಡುಗೆಮನೆ ಎದ್ದಿತು. ತನ್ನ ತಟ್ಟೆಯನ್ನು ನೋಡುತ್ತ ಇನ್ನೊಬ್ಬರ ತಟ್ಟೆ ನೆನೆದ ಹುಡುಗಿ ಅವಳು. ನನಗೆ ಅವಳ ಮೇಲೆ ತುಂಬ ಪ್ರೀತಿ.

ಈಗ ನನ್ನ ಕೋರಿಕೆ. ಅಪ್ಪನ ವಾರಾನ್ನವನ್ನು ಇಲ್ಲಿ ಮತ್ತೆ ಹೂಡೋಣ. ಏಳು ಮನೆಗಳು ಸೇರಿದರೆ ಒಂದು 'ವಾರ'. ಪ್ರತಿ ಮನೆಗೂ ಒಂದು ದಿನ. ನಿಮ್ಮ ದಿನ ಬಂದಾಗ ಒಂದು ಪೌಂಡ್ ಎತ್ತಿಡಿ, ರಾತ್ರಿ ಊಟಕ್ಕೆ ಕೂರುವ ಮುನ್ನ, ಮಕ್ಕಳ ಕೈಯಿಂದಲೇ. ಏಳು ಮನೆ, 52 ವಾರ, 364 ಪೌಂಡ್. ಎಲ್ಲರೂ ಗಿಫ್ಟ್ ಏಡ್‌ಗೆ ಸಹಿ ಹಾಕಿದರೆ 455. ಕೆಲವೇ ವರ್ಷಗಳ ಹಿಂದೆ ಒಂದು ಮಗುವಿನ ಇಡೀ ಶಾಲಾ ವರ್ಷದ ಗಂಜಿಗೆ 20 ಪೌಂಡ್ ಕೂಡ ಬೇಕಾಗುತ್ತಿರಲಿಲ್ಲ. ಬೆಲೆ ಏರುತ್ತಿದೆ, ಹಾಗಾಗಿ ಈ ವರ್ಷದ ದರವನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ. ಯಾವುದಾದರೂ ವಾರ ಕೈ ಬಿಗಿಯಾದರೆ ಹೇಳಿಬಿಡಿ, ನಿಮ್ಮ ದಿನವನ್ನು ಪಕ್ಕದ ಮನೆಯವರು ನೋಡಿಕೊಳ್ಳುತ್ತಾರೆ. ಮುಯ್ಯಾಳಿನಲ್ಲಿ ಅದೂ ಉಂಟು.

ಪುಸ್ತಕ ಬಾಗಿಲ ಬಳಿ, ಕಾಫಿ ಇಟ್ಟಿರುವ ಮೇಜಿನ ಮೇಲಿದೆ. ಏಳು ಸಾಲು ಎಳೆದಿದ್ದೇನೆ. ಗುರುವಾರದ ಸಾಲಿನಲ್ಲಿ ನಮ್ಮ ಮನೆಯ ಹೆಸರು ಬರೆದಾಗಿದೆ, ಉಳಿದ ಆರು ಖಾಲಿ ಇವೆ.